ವಸಡಲ್ಲಿ ರಕ್ತ ಬಂದ್ರೆ ಬ್ರಷ್ ಬಿಡಬೇಡಿ: ಅಡಿಕೆ ಸೀಮೆಯಲ್ಲಿ ಹಲ್ಲು ಅಲುಗಾಡೋದು ಯಾಕೆ?

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆ ಜೊತೆ ಒಂದೆಳೆ ಕೆಂಪು ಕಂಡರೆ ನಾವೇನು ಮಾಡ್ತೀವಿ? ಒಂದು ಚೊಂಬು ನೀರು ಹಾಕಿ ತೊಳೆದು, ಟೀ ಕುಡಿದು, ಕೆಲಸಕ್ಕೆ ಹೋಗ್ತೀವಿ. ಅದೇ ರಕ್ತ ಕಣ್ಣಲ್ಲೋ ಮೂತ್ರದಲ್ಲೋ ಕಂಡಿದ್ದರೆ ಅವತ್ತೇ ಆಸ್ಪತ್ರೆ ಬಾಗಿಲಲ್ಲಿ ಇರ್ತಿದ್ವಿ. ವಸಡಿನ ರಕ್ತಕ್ಕೆ ಈ ಮರ್ಯಾದೆ ಇಲ್ಲ. ಕಾರಣ ಸರಳ: ಅದು ನೋಯುವುದಿಲ್ಲ. ಹುಳುಕು ಹಲ್ಲು ರಾತ್ರಿಯೆಲ್ಲಾ ನಿದ್ದೆಗೆಡಿಸಿ ಮರುದಿನ ಬಸ್ ಹತ್ತಿಸುತ್ತದೆ. ವಸಡಿನ ರೋಗ ಹಾಗಲ್ಲ. ಹತ್ತು, ಹದಿನೈದು ವರ್ಷ ಸದ್ದಿಲ್ಲದೆ ಒಳಗಿನ ಮೂಳೆ ಕರಗಿಸುತ್ತಾ ಹೋಗಿ, ಕೊನೆಗೊಂದು ದಿನ ರೊಟ್ಟಿ ಕಚ್ಚುವಾಗ ಮುಂದಿನ ಹಲ್ಲು ಅಲುಗಾಡಿದಾಗಲೇ ಗೊತ್ತಾಗೋದು.

ಇದು ಅಪರೂಪದ ಕಾಯಿಲೆಯೇನಲ್ಲ. ಬಾಯಿಯ ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಜಾಗತಿಕ ವರದಿ ಪ್ರಕಾರ, ತೀವ್ರ ಸ್ವರೂಪದ ವಸಡು ರೋಗ ಇರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು. ಹದಿನೈದು ದಾಟಿದವರಲ್ಲಿ ಸುಮಾರು ಶೇ. 19 ಮಂದಿ. ಇಷ್ಟು ಜನರಿಗೆ ಬರುವ ರೋಗ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆದಿದ್ದನ್ನು ನಾನಂತೂ ನೋಡಿಲ್ಲ.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಇಟ್ಟುಕೊಂಡು ಇದನ್ನು ನೋಡೋಣ. ಚನ್ನಗಿರಿ, ಹೊನ್ನಾಳಿ, ಅದರಿಂದ ಒಡೆದು ಹೊಸ ತಾಲ್ಲೂಕಾದ ನ್ಯಾಮತಿ, ಮತ್ತು ಜಿಲ್ಲೆಯ ಇನ್ನೊಂದು ತುದಿಯ ಜಗಳೂರು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಈಗಲೂ ಎರಡು ಬೇರೆ ಲೋಕಗಳೇ. ಒಂದು ಕಡೆ ಭದ್ರಾ ಕಾಲುವೆ, ಸೂಳೆಕೆರೆ, ತುಂಗಭದ್ರೆ, ಕಣ್ಣು ಹಾಯಿಸಿದಷ್ಟೂ ಅಡಿಕೆ ತೋಟ. ಇನ್ನೊಂದು ಕಡೆ ಬರ, ಬೋರ್‌ವೆಲ್, ಫ್ಲೋರೈಡ್ ನೀರು. ಇವೆರಡರ ನಡುವೆ ದಾವಣಗೆರೆ ನಗರ. ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂಬ ಎರಡು ದಂತ ವೈದ್ಯಕೀಯ ಕಾಲೇಜುಗಳು ಒಂದೇ ಊರಲ್ಲಿವೆ. ದೇಶದ ಬೇರೆ ಬೇರೆ ರಾಜ್ಯಗಳಿಂದ ಹುಡುಗ ಹುಡುಗಿಯರು ಹಲ್ಲಿನ ವಿದ್ಯೆ ಕಲಿಯೋಕೆ ಬರುವ ಊರಿನ ಸುತ್ತಲೇ, ಹಲ್ಲು ಅಲುಗಾಡೋದನ್ನ ವಯಸ್ಸಿನ ಧರ್ಮ ಅಂತ ಒಪ್ಪಿಕೊಂಡ ಹಳ್ಳಿಗಳಿವೆ.

ಹಲ್ಲು ನಿಂತಿರೋದು ಯಾವುದರ ಮೇಲೆ?

ಹಲ್ಲು ಅಂದರೆ ದವಡೆಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿದ ಕಂಬ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರ್‌ಗೂ ತೆಳ್ಳಗಿನ ನಾರಿನ ಪದರ ಇದೆ. ಸಾವಿರಾರು ನಾರುಗಳು ಹಲ್ಲನ್ನು ಮೂಳೆಗೆ ಕಟ್ಟಿ ಹಿಡಿದಿವೆ. ಎಂಜಿನಿಯರಿಂಗ್ ಓದಿದವರಿಗೆ ಸೇತುವೆಯ ಕೆಳಗಿನ ಬೇರಿಂಗ್ ನೆನಪಾಗಬಹುದು: ಭಾರ ಬಿದ್ದಾಗ ಚೂರು ಕುಗ್ಗಿ, ಭಾರ ಹೋದಾಗ ಮತ್ತೆ ಮೊದಲಿನಂತೆ. ಈ ಇಡೀ ವ್ಯವಸ್ಥೆಯ ಮೇಲೆ ಮುಚ್ಚಿದ ಚರ್ಮವೇ ವಸಡು. ಆರೋಗ್ಯವಂತ ವಸಡು ಹಲ್ಲಿಗೆ ಕಾಲರ್ ಥರ ಬಿಗಿಯಾಗಿ ಅಂಟಿಕೊಂಡಿರುತ್ತದೆ, ನಡುವಿನ ಸಂದಿಯ ಆಳ 1ರಿಂದ 3 ಮಿಲಿಮೀಟರ್ ಅಷ್ಟೇ.

ತೊಂದರೆ ಶುರುವಾಗೋದು ಈ ಸಂದಿಯಲ್ಲಿ. ನೀವು ಏನೇ ತಿನ್ನಿ, ಬಿಡಿ, ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳು ಪದರ ಗಂಟೆಗಳೊಳಗೆ ಕೂರುತ್ತದೆ. ಅದು ಬರೀ ಕೊಳೆ ಅಲ್ಲ, ಜೀವಂತ ಪಾಚಿ. ಕೆರೆಯ ಮೆಟ್ಟಿಲಿನ ಮೇಲಿನ ಪಾಚಿ ನೀರು ಎರಚಿದರೆ ಹೋಗುತ್ತಾ? ಉಜ್ಜಲೇಬೇಕು. ಇದೂ ಹಾಗೆಯೇ, ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ. ದಿನಗಟ್ಟಲೆ ಉಜ್ಜದೆ ಬಿಟ್ಟ ಜಾಗದಲ್ಲಿ ಉಗುಳಿನಲ್ಲಿರುವ ಸುಣ್ಣದಂಶ ಸೇರಿ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಬಗ್ಗಲ್ಲ. ಗಾರೆಯ ಒರಟು ಮೈ ಮೇಲೆ ಹೊಸ ಪಾಚಿ ಇನ್ನೂ ಬೇಗ ಕೂರುತ್ತದೆ.

ಪಾಚಿಗೂ ರಕ್ತಕ್ಕೂ ನೇರ ಸಂಬಂಧ ಇದೆ ಅಂತ ತೋರಿಸಿದ್ದು 1965ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ಒಂದು ಪ್ರಯೋಗ. ಹೆರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರಿಗೆ, ಅವರಲ್ಲಿ ಹೆಚ್ಚಿನವರು ದಂತ ವೈದ್ಯಕೀಯ ವಿದ್ಯಾರ್ಥಿಗಳೇ, ಹಲ್ಲುಜ್ಜೋದನ್ನ ಪೂರ್ತಿ ನಿಲ್ಲಿಸಿ ಅಂದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಹೇಳಿದರು, ಸುಮಾರು ಒಂದು ವಾರದಲ್ಲಿ ಎಲ್ಲರದ್ದೂ ಸರಿಹೋಯಿತು. ನನ್ನ ಪ್ರಕಾರ ಪ್ರತಿ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಇರಬೇಕಾದ ಪ್ರಯೋಗ ಇದು. ಯಾಕಂದ್ರೆ ನಮ್ಮಲ್ಲಿ ರಕ್ತ ಬಂದ ತಕ್ಷಣ ಜನ ಮಾಡೋದು ಇದರ ಉಲ್ಟಾ: ‘ಬ್ರಷ್ ಚುಚ್ತು’ ಅಂತ ಆ ಜಾಗ ಬಿಟ್ಟು ಉಜ್ಜುತ್ತಾರೆ. ಬಿಟ್ಟ ಜಾಗದಲ್ಲಿ ಪಾಚಿ ಹೆಚ್ಚುತ್ತದೆ, ರಕ್ತ ಇನ್ನೂ ಜಾಸ್ತಿಯಾಗುತ್ತದೆ. ರಕ್ತ ಬರುವ ಜಾಗವನ್ನೇ ಮೆತ್ತಗಿನ ಬ್ರಷ್ಷಿನಿಂದ ಬಿಡದೆ ಉಜ್ಜಬೇಕು. ಎರಡು ವಾರದಲ್ಲಿ ನಿಲ್ಲದಿದ್ದರೆ ಹಲ್ಲು ಡಾಕ್ಟರ ಹತ್ತಿರ ಹೋಗಬೇಕು.

ಈ ಹಂತದ ತನಕ ಆದ ಹಾನಿಯೆಲ್ಲಾ ವಾಪಸ್ ಸರಿಹೋಗುತ್ತದೆ. ಮುಂದಿನ ಹಂತದ ಕತೆ ಬೇರೆ. ಪಾಚಿ ಸಂದಿಯೊಳಗೆ ಇಳಿದಂತೆ ದೇಹ ತನ್ನ ಸೈನ್ಯ ಕಳಿಸುತ್ತದೆ, ಆ ಯುದ್ಧದಲ್ಲಿ ನಮ್ಮದೇ ನಾರು, ನಮ್ಮದೇ ಮೂಳೆ ನಾಶವಾಗುತ್ತವೆ. ಸಂದಿ 4, 5, 7 ಮಿಲಿಮೀಟರ್ ಆಳದ ಜೇಬಾಗುತ್ತದೆ. ಬ್ರಷ್ಷಿನ ಎಳೆ ಅಷ್ಟು ಆಳ ಹೋಗಲ್ಲ. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಬಾಯಿ ವಾಸನೆ, ಹಲ್ಲು ಉದ್ದವಾದಂತೆ ಕಾಣೋದು, ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬೀಳೋದು, ವಸಡು ಒತ್ತಿದರೆ ಕೀವು ಬರೋದು, ಇವೆಲ್ಲ ಆ ಹಂತದ ಗುರುತುಗಳು.

ಹಾಗಂತ ಎಲ್ಲರಿಗೂ ಒಂದೇ ವೇಗದಲ್ಲಿ ಆಗಲ್ಲ. ಇದೇ ಲೋ ತಂಡ 1970ರಿಂದ 1985ರವರೆಗೆ ಶ್ರೀಲಂಕಾದ ಟೀ ತೋಟದ 480 ಕಾರ್ಮಿಕರ ಬಾಯಿಯನ್ನು ಗಮನಿಸಿತು. ಅವರಿಗೆ ಹಲ್ಲುಜ್ಜುವ ರೂಢಿಯೂ ಇರಲಿಲ್ಲ, ಹಲ್ಲಿನ ಡಾಕ್ಟರೂ ಸಿಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಗಾರೆ. ಆದರೂ ಶೇ. 8ರಷ್ಟು ಜನರಲ್ಲಿ ರೋಗ ಓಡಿತು, ಶೇ. 81 ಜನರಲ್ಲಿ ನಡೆಯಿತು, ಶೇ. 11 ಜನರಲ್ಲಿ ವಸಡಿನ ಊತ ದಾಟಿ ಮುಂದೆ ಹೋಗಲೇ ಇಲ್ಲ. ‘ನಮ್ಮಜ್ಜ ಒಂದಿನಾನೂ ಬ್ರಷ್ ಹಿಡೀಲಿಲ್ಲ, ತೊಂಬತ್ತಕ್ಕೂ ಕಬ್ಬು ಸಿಗೀತಿದ್ರು’ ಅನ್ನೋ ಮಾತು ಸುಳ್ಳಲ್ಲ. ಆ ಅಜ್ಜ ಶೇ. 11ರ ಪೈಕಿ. ಮೊಮ್ಮಗ ಯಾವ ಗುಂಪಲ್ಲಿದ್ದಾನೆ ಅನ್ನೋದು ಮಾತ್ರ ಯಾರಿಗೂ ಮೊದಲೇ ಗೊತ್ತಿರಲ್ಲ. ಈ ಅಧ್ಯಯನವನ್ನು ನಾನು ಇಲ್ಲಿ ತಂದದ್ದಕ್ಕೆ ಇನ್ನೊಂದು ಕಾರಣವಿದೆ. ಹದಿನೈದು ವರ್ಷ ಚಿಕಿತ್ಸೆ ಸಿಗದ ಕೂಲಿಕಾರರ ಬಾಯಿಂದ ಜಗತ್ತಿನ ವಸಡು ವಿಜ್ಞಾನ ಬೆಳೆಯಿತು. ತೋಟದ ಕಾರ್ಮಿಕರಿಗೆ ಏನು ಸಿಕ್ಕಿತು ಅನ್ನೋ ಪ್ರಶ್ನೆ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ.

ತೋಟ, ತಾಂಬೂಲ, ಪಾಕೀಟು

ಈಗ ನಮ್ಮ ತೋಟಗಳಿಗೆ ಬರೋಣ. ಚನ್ನಗಿರಿಯಲ್ಲಿ ಬೆಳಗಿನ ಮೊದಲ ಸುದ್ದಿ ಅಡಿಕೆ ಧಾರಣೆ. ತುಮ್ಕೋಸ್‌ನಲ್ಲಿ ರಾಶಿ ಎಷ್ಟಕ್ಕೆ ಹೋಯ್ತು ಅನ್ನೋದರ ಮೇಲೆ ಮದುವೆ, ಮನೆ, ಮಕ್ಕಳ ಕಾಲೇಜು ಸೀಟು ಎಲ್ಲಾ ತೀರ್ಮಾನ ಆಗುತ್ತೆ. ಹೊನ್ನಾಳಿ, ನ್ಯಾಮತಿಯಲ್ಲೂ ಭತ್ತದ ಗದ್ದೆಗಳು ವರ್ಷ ವರ್ಷ ತೋಟವಾಗುತ್ತಿವೆ. ಕೊಯ್ಲಿನ ಕಾಲದಲ್ಲಿ ಸುಲಿಯೋಕೆ, ಬೇಯಿಸೋಕೆ, ಒಣಗಿಸೋಕೆ ಕೂತವರ ಬಾಯಲ್ಲೂ ಅಡಿಕೆ. ಹಸಿವು ತಡೆಯಕ್ಕೆ, ನಿದ್ದೆ ತಡೆಯಕ್ಕೆ, ಜೊತೆಗೆ ಕೂತವರೊಡನೆ ಮಾತಿಗೆ.

ಸ್ಪಷ್ಟವಾಗಿ ಹೇಳಬೇಕಾದದ್ದು: ವಸಡು ರೋಗದ ಮೂಲ ಕಾರಣ ಪಾಚಿಯೇ, ಅಡಿಕೆ ಅಲ್ಲ. ಅಡಿಕೆ ಮುಟ್ಟದವರಿಗೂ ಬರುತ್ತದೆ. ಆದರೆ ಎಲೆಅಡಿಕೆ ಜಗಿಯುವವರ ಬಾಯಲ್ಲಿ ಆ ಪಾಚಿಗೆ ಎಲ್ಲಾ ಅನುಕೂಲ ಇದೆ. ಅಡಿಕೆಯ ಗಟ್ಟಿ ನಾರು ವಸಡನ್ನು ದಿನವೂ ಉಜ್ಜಿ ಗಾಯ ಮಾಡುತ್ತದೆ, ಹಲ್ಲಿನ ಮೇಲ್ಮೈ ಸವೆಸುತ್ತದೆ. ತಾಂಬೂಲ ಒತ್ತಿಟ್ಟುಕೊಳ್ಳುವ ಕಡೆ ವಸಡು ಜಾರಿ ಬೇರು ಹೊರಬೀಳುತ್ತದೆ. ಕಲೆ ಕಟ್ಟಿದ ಒರಟು ಹಲ್ಲಿನ ಮೇಲೆ ಗಾರೆ ಸುಲಭವಾಗಿ ನಿಲ್ಲುತ್ತದೆ.

ಇದಕ್ಕೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಸೇರಿದರೆ ಇನ್ನೊಂದು ಮೋಸ ಶುರು. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಎದ್ದು ಕಾಣುತ್ತದೆ: ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತ ಬರೋದು ಕಡಿಮೆ. ಬೆಂಕಿ ಬಿದ್ದ ಮನೆಯಲ್ಲಿ ಅಲಾರಾಂ ವೈರ್ ಕಿತ್ತ ಹಾಗೆ. ‘ನಂಗೆ ರಕ್ತನೇ ಬರಲ್ಲ, ವಸಡು ಗಟ್ಟಿ’ ಅನ್ನೋ ಸಿಗರೇಟು ಸೇದುವ ಗೆಳೆಯರು ಇದನ್ನು ಎರಡು ಸಲ ಓದಿ. ಸೇದೋದು ಬಿಟ್ಟ ಕೆಲವೇ ವಾರಗಳಲ್ಲಿ ಕೆಲವರಿಗೆ ಹೊಸದಾಗಿ ರಕ್ತ ಕಾಣಿಸಿಕೊಳ್ಳುತ್ತದೆ. ಅದು ಬಿಟ್ಟಿದ್ದರಿಂದ ಬಂದ ರೋಗ ಅಲ್ಲ, ಮುಚ್ಚಿಟ್ಟಿದ್ದದ್ದು ಹೊರಬಂದದ್ದು. ವಯಸ್ಕರ ತಂಬಾಕು ಸಮೀಕ್ಷೆಯ 2016–17ರ ಸುತ್ತಿನಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರಿಗಿಂತ ಜಗಿಯುವವರೇ ಹೆಚ್ಚು.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಕಂಪನಿಗಳು ಏನು ಮಾಡಿದವು ಅಂತ ಯಾವ ಬಸ್‌ಸ್ಟ್ಯಾಂಡ್ ಅಂಗಡಿ ಮುಂದೆ ನಿಂತರೂ ಕಾಣುತ್ತೆ. ಒಂದು ಪಾಕೀಟು ಪಾನ್ ಮಸಾಲ, ಪಕ್ಕದಲ್ಲೇ ಇನ್ನೊಂದು ಸಣ್ಣ ಪಾಕೀಟು ತಂಬಾಕು. ಎರಡೂ ಹರಿದು ಅಂಗೈಯಲ್ಲಿ ಬೆರೆಸಿದರೆ ನಿಷೇಧಿತ ಗುಟ್ಕಾ ರೆಡಿ. ಕಾನೂನಿನ ಅಕ್ಷರ ಉಳಿಯಿತು, ವಸಡು ಉಳಿಯಲಿಲ್ಲ.

ಅಡಿಕೆಯ ಬಗ್ಗೆ ನಮ್ಮ ಜನಪ್ರತಿನಿಧಿಗಳು ಮಾತಾಡಲ್ಲ ಅಂತಲ್ಲ, ಬಹಳ ಮಾತಾಡ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಆವತ್ತಿನಿಂದ ಅಡಿಕೆ ಸೀಮೆಯ ರಾಜಕಾರಣಿಗಳಿಗೆ, ಪಕ್ಷ ಯಾವುದೇ ಇರಲಿ, ಅಡಿಕೆ ಹಾನಿಕರ ಅಲ್ಲ ಅಂತ ಸಾಬೀತು ಮಾಡುವುದೇ ಕೆಲಸ. ಬೆಳೆಗಾರರ ಭಯ ನನಗೆ ಅರ್ಥವಾಗುತ್ತದೆ, ನಾಳೆ ಬೆಲೆ ಬಿದ್ದರೆ ಸಾಲ ತೀರಿಸುವವರು ಅವರೇ. ಪರ್ಯಾಯ ಬೆಳೆಗೆ ಬೆಂಬಲ ಕೊಡದೆ ರೈತರನ್ನು ಬೈಯುವುದು ಸುಲಭದ ನೈತಿಕತೆ. ಆದರೆ ಧಾರಣೆ ಕಾಯೋಕೆ ದೆಹಲಿ ತನಕ ನಿಯೋಗ ಹೋಗುತ್ತೆ, ಅದೇ ಅಡಿಕೆ ಸುಲಿಯುವ ಹೆಂಗಸಿನ ಹಲ್ಲು ಕಾಯೋಕೆ ತಾಲ್ಲೂಕು ಆಸ್ಪತ್ರೆ ತನಕ ಯಾರೂ ಹೋಗಲ್ಲ. ಇದನ್ನು ಕೇಳಿದರೆ ರೈತವಿರೋಧಿ ಅನ್ನಬೇಕಾಗಿಲ್ಲ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ಖಾರ ತಿಂದರೆ ಬಾಯಿ ಉರಿಯೋದು, ಬಾಯಿ ತೆರೆಯೋದು ದಿನೇ ದಿನೇ ಕಡಿಮೆಯಾಗೋದು, ಕೆನ್ನೆಯ ಒಳಗೆ ಬಿಳಿಚಿಕೊಂಡು ಬಿಗಿಯೋದು, ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ. ಇವು ವಸಡು ರೋಗ ಅಲ್ಲ. ಅಡಿಕೆಯಿಂದ ಬರುವ ಬಾಯಿ ಬಿಗಿತ ಅಥವಾ ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗದಿದ್ದರೆ ಕಾಯಬೇಡಿ.

ಜಗಳೂರಿನ ಹಳದಿ ಹಲ್ಲು

ಜಗಳೂರಿನಲ್ಲಿ ಸಮಸ್ಯೆ ನೀರಿನಿಂದ ಶುರುವಾಗುತ್ತದೆ. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ ಅಂತ ಭಾರತೀಯ ಮಾನಕ ಹೇಳುತ್ತದೆ. ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಸೇರಿದರೆ ಹಲ್ಲಿನ ಮೇಲೆ ಬಿಳಿ ಗೆರೆ, ಹಳದಿ, ಕಂದು ಕಲೆ. ಇದು ಫ್ಲೋರೋಸಿಸ್. ಒಳಗಿಂದ ಬಂದ ಬಣ್ಣ, ಉಜ್ಜಿದರೆ ಹೋಗಲ್ಲ.

ಇಲ್ಲೇ ಎಡವಟ್ಟಾಗೋದು. ಹಳದಿ ಹಲ್ಲಿನ ಹುಡುಗನಿಗೆ ಶಾಲೆಯಲ್ಲಿ ‘ಹಲ್ಲುಜ್ಜಲ್ವಾ?’ ಅನ್ನೋ ಅವಮಾನ. ಕಾಲೇಜಿಗೆ ಬರುವ ಹೊತ್ತಿಗೆ ಅವನು ಎರಡು ದಾರಿಯಲ್ಲಿ ಒಂದು ಹಿಡಿದಿರುತ್ತಾನೆ. ಒಂದೋ ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಗಟ್ಟಿ ಬ್ರಷ್ ಹಿಡಿದು ಹಲ್ಲು ಸವೆಸುತ್ತಾನೆ. ಇಲ್ಲಾ ಏನು ಮಾಡಿದರೂ ಇಷ್ಟೇ ಅಂತ ಉಜ್ಜೋದನ್ನೇ ಸಡಿಲ ಬಿಡುತ್ತಾನೆ. ಎರಡರಲ್ಲೂ ಪೆಟ್ಟು ಬೀಳೋದು ವಸಡಿಗೆ. ಫ್ಲೋರೈಡ್ ಹೆಚ್ಚಿರುವ ಕಡೆ ವಸಡು ರೋಗವೂ ಹೆಚ್ಚು ಕಾಣುತ್ತದೆ ಅಂತ ದಾವಣಗೆರೆಯ ದಂತ ಕಾಲೇಜಿನ ಸಂಶೋಧಕರು 2007ರಲ್ಲಿ ಭಾರತೀಯ ದಂತ ಸಂಶೋಧನಾ ಪತ್ರಿಕೆಯೊಂದರಲ್ಲಿ ವರದಿ ಮಾಡಿದ್ದಾರೆ. ಒಂದು ಇನ್ನೊಂದಕ್ಕೆ ನೇರ ಕಾರಣ ಅಂತ ಅದರಿಂದಲೇ ಹೇಳಲು ಬರುವುದಿಲ್ಲ. ಆದರೆ ಫ್ಲೋರೈಡ್ ಊರಿಗೆ ಹೋದ ಡಾಕ್ಟರು ಕಲೆ ಮಾತ್ರ ನೋಡಿ ಬರಬಾರದು ಅನ್ನಲು ಅಷ್ಟು ಸಾಕು. ಅಂದಹಾಗೆ, ಟೂತ್‌ಪೇಸ್ಟಿನ ಫ್ಲೋರೈಡಿಗೂ ಇದಕ್ಕೂ ತಳಕು ಹಾಕಿ ದೊಡ್ಡವರು ಪೇಸ್ಟ್ ಬಿಡಬೇಕಿಲ್ಲ, ಉಗುಳಿದರೆ ಸಾಕು. ಸಣ್ಣ ಮಕ್ಕಳು ನುಂಗುತ್ತಾರೆ, ಅವರಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ಬದಲಾಗಬೇಕಾದದ್ದು ಕುಡಿಯುವ ನೀರು, ಅದು ಜಗಳೂರಿನವರು ದಶಕಗಳಿಂದ ಕೇಳುತ್ತಿರುವುದೇ.

ಶುಗರ್ ಇದ್ದವರು, ಬಸುರಿಯರು, ಬಿಪಿ ಮಾತ್ರೆಯವರು

ಸಕ್ಕರೆ ಕಾಯಿಲೆಗೂ ವಸಡಿಗೂ ಇರುವ ನಂಟು ಎರಡು ದಿಕ್ಕಿನದು. ಶುಗರ್ ಹತೋಟಿ ತಪ್ಪಿದರೆ ಸೋಂಕಿನ ಎದುರು ದೇಹ ಸೋಲುತ್ತದೆ, ಮೂಳೆ ಬೇಗ ಕರಗುತ್ತದೆ. ಇತ್ತ ವಸಡಿನ ಉರಿಯೂತ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗಿ ಶುಗರ್ ಏರಿಸುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟ ಮೂರು, ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ 2022ರ ಕಾಕ್ರೇನ್ ವಿಮರ್ಶೆ ಹೇಳಿದೆ. ಕೆಲವೊಮ್ಮೆ ಎರಡನೇ ಮಾತ್ರೆ ಸೇರಿಸಿದರೆ ಸಿಗುವ ಇಳಿಕೆಗೆ ಹತ್ತಿರ ಇದು. ಐಸಿಎಂಆರ್ ಅಧ್ಯಯನವೊಂದು 2023ರಲ್ಲಿ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಅಂತ ಅಂದಾಜು ಮಾಡಿತು. ಇವರ ಪೈಕಿ ಎಷ್ಟು ಜನರಿಗೆ ಶುಗರ್ ಡಾಕ್ಟರು ‘ಬಾಯಿ ತೆಗೀರಿ ನೋಡೋಣ’ ಅಂದಿದ್ದಾರೆ? ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಬಸುರಿಯರಲ್ಲಿ ಹಾರ್ಮೋನಿನ ಏರುಪೇರಿನಿಂದ ಸ್ವಲ್ಪ ಪಾಚಿಗೂ ವಸಡು ತುಂಬಾ ಊದಿಕೊಳ್ಳುತ್ತದೆ. ‘ಈ ಟೈಮಲ್ಲಿ ಹಲ್ಲು ಮುಟ್ಟಿಸಬಾರದು’ ಅನ್ನೋದು ತಪ್ಪು ತಿಳಿವಳಿಕೆ. ಕ್ಲೀನಿಂಗ್ ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಹೆಚ್ಚು ಅನುಕೂಲ. ಬಿಪಿಗೆ ಕೊಡುವ ಆಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡನ್ನು ದಪ್ಪಗೆ ಬೆಳೆಸುತ್ತವೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ತೋರಿಸಿ. ಇನ್ನೊಂದು: ಜ್ವರದ ಜೊತೆ ವಸಡಲ್ಲಿ ತಾನಾಗಿ ರಕ್ತ ಒಸರಿದರೆ ಡೆಂಗಿ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಉಜ್ಜೋದು, ಕ್ಲೀನ್ ಮಾಡಿಸೋದು

ಮನೆ ಕೆಲಸ ದೊಡ್ಡದಲ್ಲ. ‘ಸಾಫ್ಟ್’ ಅಂತ ಬರೆದ ಬ್ರಷ್, ಕಡಲೆಕಾಳಿನಷ್ಟು ಪೇಸ್ಟ್, ಎರಡು ನಿಮಿಷ, ದಿನಕ್ಕೆರಡು ಸಲ. ರಾತ್ರಿಯದು ತಪ್ಪಲೇಬಾರದು, ನಿದ್ದೆಯಲ್ಲಿ ಉಗುಳು ಕಡಿಮೆ, ಪಾಚಿಗೆ ಹಬ್ಬ. ಬ್ರಷ್ಷನ್ನು ಹಲ್ಲಿನ ಮೇಲೆ ಅಡ್ಡಡ್ಡ ಗರಗಸ ಹೊಡೆದ ಹಾಗೆ ಆಡಿಸೋದಲ್ಲ. ಹಲ್ಲೂ ವಸಡೂ ಸೇರುವ ಗೆರೆಗೆ ಓರೆಯಾಗಿ, ಸುಮಾರು 45 ಡಿಗ್ರಿ, ಇಟ್ಟು ಸಣ್ಣಗೆ ಅಲುಗಿಸಬೇಕು. ಎಳೆ ಬಾಗಿದ ಬ್ರಷ್ ಮೂರು ತಿಂಗಳಿಗೆ ಬದಲಿಸಿ. ಬ್ರಷ್ ಎಷ್ಟೇ ಚೆನ್ನಾಗಿ ಆಡಿಸಿದರೂ ಎರಡು ಹಲ್ಲುಗಳ ನಡುವೆ ಹೋಗಲ್ಲ, ವಸಡು ರೋಗ ಹೆಚ್ಚಾಗಿ ಶುರುವಾಗೋದೇ ಅಲ್ಲಿ. ಸಂದಿ ಬಿಗಿಯಿದ್ದರೆ ಫ್ಲಾಸ್ ದಾರ, ಅಗಲವಿದ್ದರೆ ಪುಟಾಣಿ ಸಂದಿ ಬ್ರಷ್. ಬೆಂಕಿಕಡ್ಡಿ, ಪಿನ್ನು, ಪೊರಕೆ ಕಡ್ಡಿ ಬೇಡವೇ ಬೇಡ.

ಬೇವಿನ ಕಡ್ಡಿ? ತುದಿ ಚೆನ್ನಾಗಿ ಅಗಿದು ಮೆತ್ತಗೆ ಮಾಡಿ ಉಜ್ಜಿದರೆ ಮುಂದಿನ ಹಲ್ಲಿಗೆ ಪರವಾಗಿಲ್ಲ, ಹಿಂದಿನ ದವಡೆ ಹಲ್ಲಿನ ಒಳಮೈಗೆ ಅದು ತಲುಪಲ್ಲ. ಸಂಪ್ರದಾಯದ ಮೇಲೆ ಸಿಟ್ಟೇನೂ ಇಲ್ಲ, ಇದು ಜ್ಯಾಮಿತಿಯ ಸಮಸ್ಯೆ. ಉಪ್ಪುನೀರು ಮುಕ್ಕಳಿಸಿದರೆ ಊತಕ್ಕೆ ಹಿತ ಅನಿಸುತ್ತದೆ, ಪಾಚಿ ಮಾತ್ರ ಹೋಗಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ ಅಷ್ಟೇ. ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಪ್ಪಾಗುತ್ತದೆ, ರುಚಿ ಕೆಡುತ್ತದೆ. ವಸಡು ಊದಿದಾಗ ಮೆಡಿಕಲ್‌ನಲ್ಲಿ ಕೇಳಿ ಎರಡು ದಿನದ ಆಂಟಿಬಯೋಟಿಕ್ ನುಂಗೋದು ನಮ್ಮ ಕಡೆಯ ದೊಡ್ಡ ಚಟ. ಊತ ಇಳಿಯುತ್ತದೆ, ಗಾರೆ ಅಲ್ಲೇ ಇರುತ್ತದೆ, ತಿಂಗಳಲ್ಲಿ ವಾಪಸ್ ಬರುತ್ತದೆ.

ಗಾರೆ ತೆಗೆಯೋಕೆ ಇರುವುದು ಒಂದೇ ದಾರಿ, ಡಾಕ್ಟರ ಹತ್ತಿರದ ಕ್ಲೀನಿಂಗ್. ಇದರ ಬಗ್ಗೆ ಊರಲ್ಲಿರುವ ಭಯ ಒಂದೇ: ‘ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ.’ ಈ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. ಮೂಳೆ ಕರಗಿದ ಹಲ್ಲುಗಳನ್ನು ಎಷ್ಟೋ ಸಲ ಗಾರೆಯೇ ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಗಾರೆ ತೆಗೆದಾಗ ಮೊದಲೇ ಸಡಿಲವಾಗಿದ್ದ ಹಲ್ಲು ಅಲುಗಾಡಿದ್ದು ಗೊತ್ತಾಗುತ್ತದೆ. ಊತ ಇಳಿದಾಗ ವಸಡು ಕೆಳಗೆ ಸರಿದು ಸಂದಿ ಕಾಣುತ್ತದೆ, ಕೆಲ ದಿನ ತಣ್ಣೀರು ತಾಗಿದರೆ ಜುಂ ಅನ್ನುತ್ತದೆ. ಗೋಡೆ ಬಿರುಕಿಗೆ ಮೆತ್ತಿದ ಮಣ್ಣು ಕೆರೆದ ಮೇಸ್ತ್ರಿಯೇ ಬಿರುಕು ಮಾಡಿದ ಅಂದ ಹಾಗೆ ಈ ದೂರು. ಆದರೆ ತಪ್ಪು ಪೂರ್ತಿ ರೋಗಿಗಳದ್ದಲ್ಲ. ಕ್ಲೀನಿಂಗಿಗೆ ಮೊದಲು ಎರಡು ನಿಮಿಷ ಕೂರಿಸಿ ಇದನ್ನು ಹೇಳಿದ್ದರೆ ಅರ್ಧ ವದಂತಿ ಹುಟ್ಟುತ್ತಲೇ ಇರಲಿಲ್ಲ.

ಜೇಬು ಆಳವಾಗಿದ್ದರೆ ಮರಗಟ್ಟಿಸಿ ಬೇರಿನ ತನಕ ಕ್ಲೀನ್ ಮಾಡುತ್ತಾರೆ, ಆರೆಂಟು ವಾರ ಬಿಟ್ಟು ಮತ್ತೆ ಅಳೆದು ನೋಡುತ್ತಾರೆ. ಆಗಲೂ ಆಳ ಉಳಿದ ಕಡೆ ವಸಡು ಬಿಡಿಸಿ ಮಾಡುವ ಸಣ್ಣ ಆಪರೇಷನ್. ಆಮೇಲೆ ಮೂರು, ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆ. ಇದು ಒಂದು ಸಲಕ್ಕೆ ಮುಗಿಯುವ ರೋಗ ಅಲ್ಲ, ಶುಗರ್ ಥರ ಹತೋಟಿಯಲ್ಲಿ ಇಡುವ ರೋಗ. ಇಲ್ಲಿಗೆ ಬಂದಾಗ ಪ್ರಶ್ನೆ ವೈದ್ಯಕೀಯದ್ದಾಗಿ ಉಳಿಯಲ್ಲ. ಜಗಳೂರಿನಿಂದ ದಾವಣಗೆರೆಗೆ ಸುಮಾರು 50 ಕಿಲೋಮೀಟರ್. ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ, ಅಲ್ಲಿ ಶರಾವತಿ ದಂತ ಕಾಲೇಜಿದೆ. ಕಾಲೇಜು ಆಸ್ಪತ್ರೆಗಳಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ದರ ಕಡಿಮೆ, ಆದರೆ ಪ್ರತಿ ಭೇಟಿಗೆ ಒಂದು ದಿನದ ಕೂಲಿ ಹೋಗುತ್ತದೆ. ನಾಲ್ಕು ಭೇಟಿ ಅಂದರೆ ನಾಲ್ಕು ದಿನದ ಕೂಲಿ. ‘ಕಿತ್ತಾಕಿ ಸಾರ್’ ಅಂತ ಜನ ಹೇಳೋದು ಅಜ್ಞಾನದಿಂದಲ್ಲ, ಲೆಕ್ಕ ಹಾಕಿ.

ಹಲ್ಲು ಹೋದ ಮೇಲೆ ಭಾಗ್ಯ

ರಾಜ್ಯ ಸರ್ಕಾರ 2014ರಲ್ಲಿ ದಂತ ಭಾಗ್ಯ ಯೋಜನೆ ತಂದಿತು. ಹಲ್ಲೆಲ್ಲಾ ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲು ಸೆಟ್ಟು. ಒಳ್ಳೆಯ ಯೋಜನೆ. ಬೊಚ್ಚುಬಾಯಿಯ ಅಜ್ಜಿ ಮತ್ತೆ ರೊಟ್ಟಿ ತಿನ್ನುವಂತಾದರೆ ಅದು ಸಣ್ಣ ವಿಷಯ ಅಲ್ಲ. ಆದರೆ ಯೋಜನೆಯ ಹೆಸರು ಕೇಳಿದಾಗೆಲ್ಲ ನನಗೆ ಅನಿಸೋದು, ಭಾಗ್ಯ ಸಿಗೋಕೆ ಮೊದಲು ಎಲ್ಲಾ ಹಲ್ಲು ಉದುರಬೇಕಲ್ಲ ಅಂತ. ಇದ್ದ ಹಲ್ಲು ಉಳಿಸುವ ಕ್ಲೀನಿಂಗಿಗೆ ಇಷ್ಟು ದೊಡ್ಡ ಹೆಸರಿನ ಯೋಜನೆ ಯಾಕಿಲ್ಲ? ಕ್ಲೀನ್ ಮಾಡಿದ ವಸಡನ್ನು ಫೋಟೋದಲ್ಲಿ ತೋರಿಸೋಕಾಗಲ್ಲ, ಹೊಸ ಹಲ್ಲು ಸೆಟ್ಟಿನ ನಗುವನ್ನು ತೋರಿಸಬಹುದು.

ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವೂ ಹೆಚ್ಚು ಕಡಿಮೆ ಅದೇ ಹೊತ್ತಿನಲ್ಲಿ ಶುರುವಾಗಿದ್ದು. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಟೂತ್‌ಬ್ರಷ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಅದಕ್ಕೆ ಮೊದಲು ಎಂಟು ವರ್ಷ ಅವಕ್ಕೆ 18 ಹಾಕಿದ್ದು ಯಾವ ತರ್ಕದಲ್ಲಿ ಅಂತ ಯಾರೂ ವಿವರಿಸಿಲ್ಲ, ಇರಲಿ.

ಹೊಸ ಯೋಜನೆ ಬೇಕಾಗಿಯೂ ಇಲ್ಲ. 30 ದಾಟಿದವರ ಶುಗರ್, ಬಿಪಿ ತಪಾಸಣೆಗೆ ಆರೋಗ್ಯ ಸಿಬ್ಬಂದಿ ಈಗಾಗಲೇ ಮನೆ ಬಾಗಿಲಿಗೆ ಹೋಗುತ್ತಾರೆ, 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯೂ ಇದೇ. ಆ ಪಟ್ಟಿಯಲ್ಲಿ ಬಾಯಿ ಕ್ಯಾನ್ಸರ್ ಪರೀಕ್ಷೆ ಇದೆ. ಅಂದರೆ ಬಾಯಿ ಹೇಗೂ ತೆರೆಸುತ್ತಾರೆ, ಟಾರ್ಚ್ ಹೇಗೂ ಹಾಕುತ್ತಾರೆ. ರಕ್ತ ಬರುತ್ತಾ, ಹಲ್ಲು ಅಲುಗಾಡುತ್ತಾ ಅಂತ ಎರಡು ಪ್ರಶ್ನೆ ಸೇರಿಸಿ, ಹೌದು ಅಂದವರಿಗೆ ತಾಲ್ಲೂಕು ಆಸ್ಪತ್ರೆಯ ಚೀಟಿ ಬರೆದುಕೊಟ್ಟರೆ ಆಯಿತು. ಬಸುರಿಯರಿಗೆ ಪ್ರತಿ ತಿಂಗಳು 9ನೇ ತಾರೀಕು ನಡೆಯುವ ಸರ್ಕಾರಿ ತಪಾಸಣೆಯಲ್ಲೂ ಇದನ್ನು ಮಾಡಬಹುದು. ಅಡಿಕೆ ಸುಲಿಯುವ ಮನೆಗಳಿಗೆ ಕಾಲೇಜುಗಳ ಸಂಚಾರಿ ಘಟಕ ಭಾನುವಾರ ಬೆಳಿಗ್ಗೆ ಅಲ್ಲ, ಕೆಲಸ ಮುಗಿದ ಸಂಜೆ ಹೋದರೆ ಕೂಲಿಯೂ ಉಳಿಯುತ್ತದೆ.

ಆದರೆ ಚೀಟಿ ಹಿಡಿದು ಹೋದವರಿಗೆ ಅಲ್ಲಿ ಚಿಕಿತ್ಸೆ ಸಿಗಬೇಕಲ್ಲ. ಸಾರ್ವಜನಿಕ ಆರೋಗ್ಯದ ಕೇಂದ್ರ ಮಾನದಂಡಗಳ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರದಲ್ಲೂ ದಂತ ವೈದ್ಯರು ಇರಬೇಕು. ನಿಮ್ಮ ತಾಲ್ಲೂಕಿನಲ್ಲಿ ಪರಿಸ್ಥಿತಿ ಹೇಗಿದೆ ಅಂತ ತಿಳಿಯೋಕೆ ಹತ್ತು ರೂಪಾಯಿ ಸಾಕು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ: ಆಸ್ಪತ್ರೆಯಲ್ಲಿ ದಂತ ವೈದ್ಯರ ಹುದ್ದೆ ಮಂಜೂರಾಗಿದೆಯೇ, ಭರ್ತಿಯಾಗಿದೆಯೇ, ವಾರದಲ್ಲಿ ಎಷ್ಟು ದಿನ ಇರುತ್ತಾರೆ. ಹಲ್ಲು ಕ್ಲೀನ್ ಮಾಡುವ ಯಂತ್ರ ಇದೆಯೇ, ಕೊನೆಯ ಸಲ ರಿಪೇರಿಯಾದದ್ದು ಯಾವಾಗ. ಕಳೆದ ಒಂದು ವರ್ಷದಲ್ಲಿ ಎಷ್ಟು ಹಲ್ಲು ಕಿತ್ತಿದ್ದಾರೆ, ಎಷ್ಟು ಜನರಿಗೆ ಕ್ಲೀನಿಂಗ್ ಮಾಡಿದ್ದಾರೆ. ಕೊನೆಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ.